ಮೋರಿಯ ಅರಳೆ

"ಗುರುಗಳೇ, ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಿರುವಾಗ ವಿಚಾರಣೆ ಯಾಕೆ ಬೇಕು?"

ಕೇಳಿದವನು ಸಂಗಯ್ಯ. ಮಠದ ಅಂಗಡಿ ಸಾಲಿನ ಉಸ್ತುವಾರಿ ಅವನದು. ದಾಸೋಹದ ಮನೆಯ ಹಿಂದೆ ಯಾರೋ ಕೊಳೆತ ಹೂವಿನ ರಾಶಿ ಸುರಿದಿದ್ದರು. ಸಾಲಿನಲ್ಲಿ ಹೂವಿನ ಅಂಗಡಿ ಇರುವುದು ಒಂದೇ. ಅದನ್ನು ಬಾಡಿಗೆಗೆ ಹಿಡಿದ ಹೆಂಗಸನ್ನು ಅಂದೇ ಬಿಡಿಸಬೇಕೆಂದು ಸಂಗಯ್ಯ ನಿಶ್ಚಯಿಸಿಕೊಂಡು ಬಂದಿದ್ದ. ಗುರುಗಳ ಅಪ್ಪಣೆಯೊಂದು ಬಾಕಿ ಇತ್ತು.

"ಅವಳನ್ನು ಕೇಳಿದೆಯಾ?" ಎಂದರು ಗುರುಗಳು.

"ಕೇಳಿದರೆ ಹೌದೆನ್ನುತ್ತಾಳೆಯೇ, ಗುರುಗಳೇ?"

ಗುರುಗಳು ಅವನಿಗೆ ಕೂತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಗಾದಿ ಹೊಲಿಯುವವನೊಬ್ಬನಿದ್ದ. ಹೆಸರು ದಾವಲಸಾಬ. ಹೆಂಡತಿ ಖಾಸಿಂಬಿ. ಒಬ್ಬ ಜವಳಿ ವ್ಯಾಪಾರಿಯ ಮನೆಯ ಮುಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದ. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಕಸುಬು. ಹಳೆ ಗಾದಿ ಬಿಚ್ಚುತ್ತಿದ್ದ, ಗಟ್ಟಿಯಾದ ಅರಳೆಯನ್ನು ಬಿಲ್ಲಿನಿಂದ ಹಿಂಜುತ್ತಿದ್ದ, ಮತ್ತೆ ತುಂಬಿ ಹೊಲಿಯುತ್ತಿದ್ದ. ಒಂಬತ್ತು ವರ್ಷ ಹೀಗೇ ನಡೆದಿತ್ತು. ಓಣಿಯಲ್ಲಿ ಅವನು ಹೊಲಿದ ಗಾದಿಯ ಮೇಲೆ ಮಲಗದ ಮನೆ ಇರಲಿಲ್ಲ.

ಒಂದು ಮುಂಜಾನೆ ಜೋರು ಮಳೆ ಬಿತ್ತು. ಓಣಿಯ ಕೊನೆಯ ಮೋರಿ ಕಟ್ಟಿಕೊಂಡಿತು. ಗಲೀಜು ನೀರು ಹಿಂದಕ್ಕೆ ತಿರುಗಿ ಸೇದುವ ಬಾವಿಯೊಳಗೆ ಇಳಿಯಿತು. ಯಾರಿಗೂ ತಿಳಿಯಲಿಲ್ಲ. ಎರಡು ದಿನ ಅದೇ ನೀರು ಕುಡಿದರು. ಮೂರನೆಯ ದಿನ ನಾಲ್ಕು ಮನೆಯ ಮಕ್ಕಳಿಗೆ ವಾಂತಿಭೇದಿ ಹತ್ತಿತು. ಒಂದು ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಒಯ್ದರು. ಅದು ಉಳಿಯುವುದೋ ಇಲ್ಲವೋ ಎಂದು ವೈದ್ಯರೂ ಹೇಳಲಿಲ್ಲ.

ಪುರಸಭೆಯವರು ಬಂದು ಮೋರಿ ಅಗೆದರು. ಒಳಗೆ ಮೂರು ಗೋಣಿಚೀಲ ಸಿಕ್ಕವು. ಒಂದು ಒಡೆದಿತ್ತು. ಒಡೆದ ಕಡೆಯಿಂದ ಕಪ್ಪಾದ, ನೀರು ಕುಡಿದ ಅರಳೆ ಹೊರಗೆ ಬಂದಿತ್ತು.

ಅರಳೆ ಎಂದ ಕೂಡಲೇ ಓಣಿಯ ಜನರೆಲ್ಲ ಒಂದೇ ಬಾಗಿಲ ಕಡೆ ತಿರುಗಿದರು.

ದಾವಲಸಾಬ ಆಗ ಊಟಕ್ಕೆ ಕೂತಿದ್ದ. ಹೊರಗೆ ಕೂಗು ಕೇಳಿ ಎದ್ದು ಬಂದ. ಬಾಗಿಲಲ್ಲಿ ಮೂವತ್ತು ನಲವತ್ತು ಜನ ನಿಂತಿದ್ದರು. ಎಲ್ಲರೂ ಪರಿಚಯದವರೇ. ಯಾರೂ ಅವನ ಹೆಸರು ಹಿಡಿದು ಕರೆಯಲಿಲ್ಲ. ಇಬ್ಬರು ಒಳಗೆ ನುಗ್ಗಿ ಹಿಂಜುವ ಬಿಲ್ಲನ್ನು ಎಳೆದು ತಂದು ಬೀದಿಗೆ ಎಸೆದರು. ಬಿಲ್ಲಿನ ನಾರಿ ಕಿತ್ತು ಹೋಯಿತು. ಅದು ಅವನ ತಂದೆಯ ಕಾಲದ ಬಿಲ್ಲು.

ಮನೆಯ ಯಜಮಾನನಾದ ವ್ಯಾಪಾರಿ ಜನರನ್ನು ಸರಿಸಿಕೊಂಡು ಮುಂದೆ ಬಂದ. ಅವನಿಗೂ ಭಯವಿತ್ತು. ಮನೆ ಅವನ ಹೆಸರಿನಲ್ಲಿತ್ತು. ಪುರಸಭೆ ಮೊದಲು ಹಿಡಿಯುವುದು ತನ್ನನ್ನೇ ಎಂದು ಅವನು ಎಣಿಸಿದ್ದ. ಕೈಯಲ್ಲಿ ಬರೆದು ತಂದ ಒಂದು ಕಾಗದವಿತ್ತು.

"ದಾವಲ, ಇದಕ್ಕೆ ಸಹಿ ಹಾಕು. ಕಸ ಹಾಕಿದವನು ನಾನೇ, ಮನೆ ಬಿಟ್ಟು ಹೋಗುತ್ತೇನೆ ಎಂದು ಬರೆದಿದೆ. ಸಂಜೆಯೊಳಗೆ ಸಾಮಾನು ಕಟ್ಟಿಕೊಂಡು ಹೊರಡು. ಪೊಲೀಸು ಗಿಲೀಸು ಆಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಜನ ಬಿಸಿಯಾಗಿದ್ದಾರೆ, ಕಾಣುತ್ತಿಲ್ಲವೇ?"

ಖಾಸಿಂಬಿ ಗಂಡನ ಹಿಂದೆ ನಿಂತಿದ್ದಳು. "ಹಾಕಿಬಿಡ್ರಿ. ಜೀವ ಉಳಿದರೆ ಎಲ್ಲಿಯಾದರೂ ಹೊಲಿದು ತಿಂದೇವು," ಎಂದು ಮೆಲ್ಲಗೆ ಅಂದಳು.

ದಾವಲಸಾಬ ಕಾಗದ ತೆಗೆದುಕೊಂಡ. ಅವನ ಕೈ ನಡುಗುತ್ತಿತ್ತು. ಅದು ಎಲ್ಲರಿಗೂ ಕಂಡಿತು. ತಪ್ಪಿತಸ್ಥನ ಕೈ ನಡುಗುತ್ತದೆ ಎಂದು ಒಬ್ಬ ಅಂದ. ದಾವಲಸಾಬ ಕಾಗದವನ್ನು ಎರಡು ಸಲ ಓದಿದ. ಸಹಿ ಹಾಕದೆ ವ್ಯಾಪಾರಿಗೆ ತಿರುಗಿ ಕೊಟ್ಟ.

"ಯಜಮಾನರೇ, ನಾನು ಹಾಕಿಲ್ಲ. ಹಾಕಿದ್ದನ್ನು ಕಂಡವರು ಇದ್ದರೆ ಮುಂದೆ ಬರಲಿ."

ಯಾರೂ ಮುಂದೆ ಬರಲಿಲ್ಲ.

"ಕಾಣುವುದೇನು? ಈ ಓಣಿಯಲ್ಲಿ ಅರಳೆಯ ಕೆಲಸ ಮಾಡುವವನು ನೀನೊಬ್ಬನೇ. ಇನ್ನು ಯಾರು ಹಾಕಿಯಾರು?" ಎಂದು ಕೂಗಿದವನು ಆಸ್ಪತ್ರೆಯಲ್ಲಿದ್ದ ಮಗುವಿನ ತಂದೆ. ಅವನ ಕಣ್ಣು ಕೆಂಪಾಗಿತ್ತು. ದಾವಲಸಾಬನಿಗೆ ಅವನ ಮುಖ ನೋಡಲಾಗಲಿಲ್ಲ. ಆದರೂ ಹೊಸ್ತಿಲು ಬಿಟ್ಟು ಸರಿಯಲಿಲ್ಲ.

"ಪುರಸಭೆ ನನಗೆ ನೋಟಿಸು ಕೊಡಲಿ. ಉತ್ತರ ಹೇಳುತ್ತೇನೆ. ನನ್ನದೇ ತಪ್ಪೆಂದು ತೀರ್ಮಾನವಾದರೆ ಶಿಕ್ಷೆ ಉಣ್ಣುತ್ತೇನೆ. ಹೋಗು ಎಂದು ನ್ಯಾಯಾಲಯ ಹೇಳಿದರೆ ಹೋಗುತ್ತೇನೆ. ಸಂಜೆಯೊಳಗೆ ಹೋಗುವುದಿಲ್ಲ."

ಒಂದು ಕಲ್ಲು ಬಂದು ಚೌಕಟ್ಟಿಗೆ ಬಡಿಯಿತು. ಖಾಸಿಂಬಿ ಚೀರಿದಳು. ಇನ್ನೊಂದು ಕಲ್ಲು ಬರುವ ಮೊದಲು ಪುರಸಭೆಯ ಅಧಿಕಾರಿ ಓಣಿಗೆ ಬಂದ.

ಅವನು ವಯಸ್ಸಾದವನು, ಕಡಿಮೆ ಮಾತಿನವನು. ಎಲ್ಲವನ್ನೂ ನಿಂತು ಕೇಳಿಸಿಕೊಂಡ. ಮೂರು ಚೀಲಗಳ ಬಾಯಿ ಕಟ್ಟಿಸಿ, ಮೊಹರು ಹಾಕಿಸಿ, ಪುರಸಭೆಯ ಉಗ್ರಾಣಕ್ಕೆ ಕಳಿಸಿದ. ದಾವಲಸಾಬನಿಗೆ ನೋಟಿಸು ಬರೆದುಕೊಟ್ಟ. ಯಾವ ಕಸ, ಯಾವ ಜಾಗ, ಯಾವ ದಿನ ಎಂದು ಅದರಲ್ಲಿ ಬರೆದಿತ್ತು. ಉತ್ತರಕ್ಕೆ ಏಳು ದಿನ ಗಡುವು ಇತ್ತು.

ವ್ಯಾಪಾರಿಗೆ ಸಿಟ್ಟು ಬಂತು. "ಸಾಹೇಬರೇ, ಮನೆ ನನ್ನದು. ಯಾರು ಇರಬೇಕು, ಯಾರು ಬಿಡಬೇಕು ಎಂದು ಹೇಳುವವನು ನಾನು."

"ಮನೆ ನಿಮ್ಮದೇ," ಎಂದ ಅಧಿಕಾರಿ. "ಕರಾರುಪತ್ರ ಬರೆದು ಕೊಟ್ಟವರೂ ನೀವೇ. ಬಿಡಿಸಬೇಕಾದರೆ ನ್ಯಾಯಾಲಯದಿಂದ ಆದೇಶ ತನ್ನಿ. ಅಲ್ಲಿಯವರೆಗೆ ಅವರ ಒಂದು ಪಾತ್ರೆ ಹೊರಗೆ ಬಿದ್ದರೂ ಮುಂದಿನ ನೋಟಿಸು ನಿಮ್ಮ ಹೆಸರಿಗೆ ಬರುತ್ತದೆ."

ಜನ ಚದುರಿದರು. ಸಿಟ್ಟು ಚದುರಲಿಲ್ಲ.

ಆ ಏಳು ದಿನ ಹೇಗೆ ಕಳೆದವೆಂದು ದಾವಲಸಾಬ ಮುಂದೆ ಯಾರ ಹತ್ತಿರವೂ ಹೇಳಲಿಲ್ಲ. ಹಾಲಿನವಳು ಬಾಗಿಲಿಗೆ ಬರುವುದನ್ನು ಬಿಟ್ಟಳು. ಹೊಲಿಯಲು ಕೊಟ್ಟಿದ್ದ ಗಾದಿಗಳನ್ನು ಅರ್ಧಕ್ಕೇ ಹೊತ್ತುಕೊಂಡು ಹೋದರು. ಪುರಸಭೆಯ ನೀರಿನ ಟ್ಯಾಂಕರು ಬಂದಾಗ ಖಾಸಿಂಬಿಯ ಕೊಡವನ್ನು ಸಾಲಿನಿಂದ ಹೊರಗೆ ಸರಿಸಿದರು. ಅವಳು ಎರಡು ಓಣಿ ದಾಟಿ ಹೋಗಿ ನೀರು ತಂದಳು. ಒಂದು ದಿನ ಕೊಡ ಇಳಿಸಿದವಳೇ ಗಂಡನ ಮೇಲೆ ಹರಿಹಾಯ್ದಳು. "ಅವತ್ತೇ ಸಹಿ ಹಾಕಿದ್ದರೆ ಇಷ್ಟು ಹೊತ್ತಿಗೆ ಬೇರೆ ಊರಲ್ಲಿ ಇರುತ್ತಿದ್ದೆವು." ದಾವಲಸಾಬ ಬಿಲ್ಲಿಗೆ ಹೊಸ ನಾರಿ ಕಟ್ಟುತ್ತಿದ್ದ. "ಬೇರೆ ಊರಿನವರೂ ಕೇಳುತ್ತಿದ್ದರು, ಯಾಕೆ ಬಿಟ್ಟು ಬಂದೆ ಅಂತ," ಎಂದ. ಅವಳು ಅತ್ತಳು. ಅವನಿಗೂ ಅಳು ಬಂತು. ಕೆಲಸ ಬಿಡಲಿಲ್ಲ.

ಆರನೆಯ ದಿನ ಆಸ್ಪತ್ರೆಯ ಮಗು ಕಣ್ಣು ಬಿಟ್ಟಿತೆಂದು ಸುದ್ದಿ ಬಂತು. ಅಂದು ಗಂಡ ಹೆಂಡತಿ ಇಬ್ಬರೂ ಹೊಟ್ಟೆ ತುಂಬ ಉಂಡರು.

ಏಳನೆಯ ದಿನ ಪುರಸಭೆಯ ಅಂಗಳದಲ್ಲಿ ವಿಚಾರಣೆ. ಓಣಿಗೆ ಓಣಿಯೇ ಬಂದಿತ್ತು. ಅಧಿಕಾರಿ ದಾವಲಸಾಬನನ್ನು ಕೇಳಿದ: "ಏನು ಹೇಳುತ್ತೀ?"

"ಸಾಹೇಬರೇ, ನನ್ನ ಮೇಲೆ ಹೊರಿಸಿದ ಆ ಚೀಲವನ್ನು ನಾನು ಇನ್ನೂ ನೋಡಿಲ್ಲ. ಮೊದಲು ಅದನ್ನು ನನಗೆ ತೋರಿಸಿ."

ಜನ ನಕ್ಕರು. ಅಧಿಕಾರಿ ನಗಲಿಲ್ಲ. ಕೇಳುವ ಹಕ್ಕು ಅವನಿಗಿದೆ ಎಂದ. ಮೊಹರು ಒಡೆಸಿ ಚೀಲ ಸುರಿಸಿದ. ಗಬ್ಬು ವಾಸನೆಗೆ ಎಲ್ಲರೂ ಹಿಂದೆ ಸರಿದರು. ದಾವಲಸಾಬ ಒಬ್ಬನೇ ಹತ್ತಿರ ಹೋಗಿ ಕೂತು, ಎರಡೂ ಕೈ ಹಾಕಿ, ಒಂದು ಹಿಡಿ ತೆಗೆದು ಬಿಡಿಸಿ ನೋಡಿದ. ಇನ್ನೊಂದು ಹಿಡಿ ತೆಗೆದ. ಆಮೇಲೆ ಎದ್ದು ಅಧಿಕಾರಿಯ ಮುಂದೆ ಅಂಗೈ ಹಿಡಿದ.

ಅಂಗೈಯಲ್ಲಿ ಹತ್ತಿಕಾಳುಗಳಿದ್ದವು. ಕೆಲವು ಮೊಳೆತಿದ್ದವು.

"ಇದು ಗಾದಿಯ ಅರಳೆ ಅಲ್ಲ, ಸಾಹೇಬರೇ. ಗಾದಿಯಲ್ಲಿ ಒಂದು ಕಾಳು ಉಳಿದರೂ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಕಾಳಿರುವ ಅರಳೆಯನ್ನು ನಾನು ಕೊಳ್ಳುವುದೇ ಇಲ್ಲ. ಇಲ್ಲಿ ಕಾಳಿದೆ, ಎಲೆಯ ಪುಡಿ ಇದೆ, ಕಾಯಿಯ ಸಿಪ್ಪೆ ಇದೆ. ಇದು ಹತ್ತಿಯಿಂದ ಕಾಳು ಬೇರ್ಪಡಿಸುವ ಗಿರಣಿಯ ಕಸ. ಮೂರೂ ಚೀಲ ನೋಡಿ."

ಅಧಿಕಾರಿ ಉಳಿದ ಎರಡು ಚೀಲ ಸುರಿಸಿದ. ಅವುಗಳಲ್ಲೂ ಅದೇ ಇತ್ತು. ದಾವಲಸಾಬನ ಮನೆಯಿಂದ ಒಂದು ಹಳೆ ಗಾದಿ ತರಿಸಿ ಬಿಚ್ಚಿಸಿದ. ಅದರಲ್ಲಿ ಒಂದು ಕಾಳೂ ಸಿಗಲಿಲ್ಲ. ದೋಷಾರೋಪ ನಿಲ್ಲುವುದಿಲ್ಲ ಎಂದು ಬರೆದು, ಎಲ್ಲರೆದುರು ಓದಿ, ಕೆಳಗೆ ಸಹಿ ಹಾಕಿದ.

ದಾವಲಸಾಬ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ವ್ಯಾಪಾರಿ ಹತ್ತಿರ ಬಂದು, "ಮನಸ್ಸಿಗೆ ಹಚ್ಚಿಕೊಳ್ಳಬೇಡ," ಎಂದ. ದಾವಲಸಾಬ ಅಂಗೈಯಲ್ಲಿ ಉಳಿದಿದ್ದ ಕಾಳುಗಳನ್ನು ಕೆಳಗೆ ಕೊಡವಿದ.

ಅಷ್ಟರಲ್ಲಿ ಗುಂಪಿನಲ್ಲಿ ಒಂದು ದನಿ ಎದ್ದಿತು. "ಹತ್ತಿ ಗಿರಣಿಯ ಕಸ ಹೊರಗೆ ಸಾಗಿಸುವವನು ಗಾಡಿಯವನು. ಅವನ ಗಾಡಿ ದಿನಾ ಆ ಮೋರಿಯ ಮೇಲೇ ಹಾಯುತ್ತದೆ!"

ಗಿರಣಿಯ ಗಾಡಿ ಹೊಡೆಯುವವನು ಅಲ್ಲೇ ಬಾಗಿಲ ಬಳಿ ನಿಂತಿದ್ದ. ಉಳಿದವರ ಹಾಗೆ ಅವನೂ ನೋಡಲು ಬಂದವನು. ಅವನು ಬಾಯಿ ತೆರೆಯುವ ಮೊದಲೇ ನಾಲ್ಕು ಜನ ಅವನ ಅಂಗಿ ಹಿಡಿದರು. ಯಾರೋ ಕಪಾಳಕ್ಕೆ ಹೊಡೆದರು. "ನಾನಲ್ಲ, ಅಣ್ಣಾ" ಎಂದ ಅವನು. "ನೀನಲ್ಲದೆ ಇನ್ನು ಯಾರು ಹಾಕಿಯಾರು?" ಎಂದರು.

ಅಂಗಿ ಹಿಡಿದದ್ದು ಇನ್ನೊಬ್ಬನದು ಎಂದು ನೋಡಿ ದಾವಲಸಾಬನಿಗೆ ಒಂದು ಗಳಿಗೆ ಹಗುರವೆನಿಸಿತು. ಅದು ನಿಜ. ಏಳು ದಿನದಿಂದ ಎದೆಯ ಮೇಲಿದ್ದದ್ದು ಇಳಿದ ಹಾಗಿತ್ತು. ಖಾಸಿಂಬಿ ಅವನ ತೋಳು ಹಿಡಿದು, "ಬನ್ನಿ, ಮನೆಗೆ ಹೋಗೋಣ," ಎಂದಳು. ಅವನು ಎದ್ದ. ಮನೆಯ ಕಡೆ ನಾಲ್ಕು ಹೆಜ್ಜೆ ನಡೆದ. ಆಮೇಲೆ ತಿರುಗಿ ಗುಂಪಿನೊಳಗೆ ನುಗ್ಗಿದ.

ಗಾಡಿಯವನಿಗೂ ಜನಕ್ಕೂ ನಡುವೆ ಹೋಗಿ ನಿಂತ. ಅವನ ಮೇಲೂ ಒಂದೆರಡು ಏಟು ಬಿದ್ದವು. ಹೊಡೆದವರು ಅದು ಯಾರೆಂದು ತಿಳಿದು ಕೈ ತಡೆದರು.

"ನೀನು ಯಾಕೆ ಅಡ್ಡ ಬಂದೆ ದಾವಲಣ್ಣ?" ಎಂದ ಮಗುವಿನ ತಂದೆ. "ನಿನ್ನನ್ನು ಈ ಗತಿಗೆ ತಂದವನೇ ಇವನು. ಅರಳೆ ಎಲ್ಲಿಯದೆಂದು ಹೇಳಿದವನು ನೀನೇ ಅಲ್ಲವೇ?"

"ಅರಳೆ ಎಲ್ಲಿಯದೆಂದು ಹೇಳಿದೆ. ಹಾಕಿದವನು ಯಾರೆಂದು ನನಗೆ ಗೊತ್ತಿಲ್ಲ. ನಾನು ಕಂಡಿಲ್ಲ. ನೀವು ಕಂಡಿದ್ದೀರಾ?" ಎಂದ ದಾವಲಸಾಬ. ಆಮೇಲೆ ಅಧಿಕಾರಿಯ ಕಡೆ ತಿರುಗಿದ. "ಸಾಹೇಬರೇ, ಇವನಿಗೂ ನೋಟಿಸು ಬರೆದುಕೊಡಿ. ಇವನಿಗೂ ಏಳು ದಿನ ಇರಲಿ."

ಅಧಿಕಾರಿ ಲೇಖನಿ ಕೈಗೆತ್ತಿಕೊಂಡ. ಗಾಡಿಯವನ ಅಂಗಿ ಹಿಡಿದಿದ್ದ ಕೈಗಳು ಒಂದೊಂದಾಗಿ ಸಡಿಲಿದವು.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಸಂಗಯ್ಯ ಮುಂದಿನ ಮಾತಿಗೆ ಕಾದ. ಅವನಿಗೆ ತಾಳಲಾಗಲಿಲ್ಲ.

"ಹಾಗಾದರೆ, ಗುರುಗಳೇ, ಕಸ ಹಾಕಿದವನು ಆ ಗಾಡಿಯವನೇ ತಾನೇ?"

ಗುರುಗಳು ಅಂದರು:

"ಸಂಗಯ್ಯಾ, ಇಷ್ಟು ಕೇಳಿದ ಮೇಲೂ ನೀನು ಆ ಗುಂಪಿನಲ್ಲೇ ನಿಂತಿದ್ದೀಯಲ್ಲಪ್ಪ."