ಮಾಳವ್ವನ ಹನ್ನೆರಡು ಬುರುಡೆ

ಬಿಸಿನೀರು ಉಕ್ಕುವ ಬೆಟ್ಟದ ಬುಡದಲ್ಲಿದ್ದ ಒಂದು ಕಾಡಿನಲ್ಲಿ ಮಾಳವ್ವ ಅನ್ನುವ ಮುಳ್ಳುಹಂದಿ ಇದ್ದಳು. ಸುಗ್ಗಿಹಬ್ಬಕ್ಕೆ ಇಡೀ ಕಾಡೇ ಮೆಚ್ಚುವ ನೊರೆಪಾನಕ ಮಾಡುವವಳು ಅವಳೇ. ಮೊಳಕೆ ಬಂದ ರಾಗಿ ಅರೆದು, ಬೆಲ್ಲ ಬೆರೆಸಿ, ಒಣಗಿದ ಸೋರೆಬುರುಡೆಗಳಲ್ಲಿ ತುಂಬಿ ಎಂಟು ದಿನ ಹುದುಗಲು ಬಿಡುತ್ತಿದ್ದಳು. ಪೇಟೆಯವರು ಬಿಯರ್ ಅಂತಾರಲ್ಲ, ಅದರ ಕಾಡಿನ ತಂಗಿ ಅಂದುಕೊಳ್ಳಿ. ದೊಡ್ಡವರಿಗೆ ಮಾತ್ರ, ಮತ್ತೆ! ಮರಿಗಳಿಗೆ ಬರೀ ಬೆಲ್ಲದ ನೀರು.

ಹಬ್ಬದಲ್ಲಿ ಎಲ್ಲರಿಗಿಂತ ಒಳ್ಳೆಯ ಪಾನಕ ಮಾಡಿದವರಿಗೆ ಕಾಡಿನ ಹಿರಿಯಳಾದ ಆನೆ ದೊಡ್ಡಮ್ಮ ಒಂದು ವರ್ಷದ ಮಟ್ಟಿಗೆ ಕಲ್ಲುಗವಿ ಕೊಡುತ್ತಿದ್ದಳು. ಚಿರತೆ ನುಗ್ಗಲಾಗದ ಜಾಗ ಆ ಕಾಡಿನಲ್ಲಿ ಅದೊಂದೇ. ಮಾಳವ್ವನಿಗೆ ಎರಡು ಮರಿಗಳಿದ್ದವು. ಅವುಗಳ ಮುಳ್ಳು ಇನ್ನೂ ಗಟ್ಟಿಯಾಗಿರಲಿಲ್ಲ. ಪಾನಕ ಕೆಟ್ಟರೆ ಗವಿ ಹೋಯಿತು. ಗವಿ ಹೋದರೆ ಮರಿಗಳ ಗತಿ ಏನು? ಹಬ್ಬ ಹತ್ತಿರ ಬಂದರೆ ಅವಳಿಗೆ ಅನ್ನ ನೀರು ಸೇರುತ್ತಿರಲಿಲ್ಲ.

ಅದಕ್ಕೇ ಅವಳದು ಅಷ್ಟು ಹಠ. ತನ್ನದೇ ಮೈಯಿಂದ ಉದುರಿದ ಮುಳ್ಳಿನಿಂದ ಬುರುಡೆಯ ಒಳಗನ್ನು ಕರಕರ ಉಜ್ಜುವಳು. ಆಮೇಲೆ ಬೆಟ್ಟ ಹತ್ತಿ, ಬುಗ್ಗೆಯ ಕುದಿಯುವ ನೀರನ್ನು ಅದರಲ್ಲಿ ತುಂಬಿ ಸ್ವಲ್ಪ ಹೊತ್ತು ಕಾಯುವಳು. ಬಿರಡೆಗಳನ್ನೂ ಅದೇ ನೀರಿನಲ್ಲಿ ಅದ್ದುವಳು. ಮನೆಗೆ ತಂದು ಬೋರಲು ಹಾಕುವಳು. ಒಳಗೆ ಮತ್ತೆ ಬಟ್ಟೆ ತಾಗಬಾರದು, ಹಳ್ಳದ ನೀರು ತಾಗಬಾರದು. ಕೊನೆಗೆ ಬುರುಡೆಯ ಕುತ್ತಿಗೆಗೊಂದು ಕೆಮ್ಮಣ್ಣಿನ ಗೆರೆ ಎಳೆದರೆ, ಆ ಬುರುಡೆ ಶುಚಿ ಎಂದು ಗುರುತು.

ಪಕ್ಕದ ಮರದ ಅಳಿಲು ನಕ್ಕಳು. "ಅಲ್ಲ ಮಾಳಕ್ಕಾ, ಮನೆ ಮುಂದೇ ಹಳ್ಳ ಹರೀತಿದೆ. ಗಳಗಳ ತೊಳೆಯೋದು ಬಿಟ್ಟು ಬೆಟ್ಟ ಹತ್ತುತ್ತೀಯಲ್ಲ, ಹುಚ್ಚೇ ನಿನಗೆ?"

"ಕಾಣೋ ಕೊಳೆ ಹಳ್ಳದಲ್ಲಿ ಹೋಗುತ್ತೆ ಕಣೇ," ಅಂದಳು ಮಾಳವ್ವ. "ಕಾಣದ ಕೊಳೆಗೆ ಕುದಿಯೋ ನೀರೇ ಆಗಬೇಕು."

ಅದೇ ಕಾಡಿನಲ್ಲಿ ಸೊಗಸಪ್ಪ ಅನ್ನುವ ಪುನುಗುಬೆಕ್ಕು ಇದ್ದ. ಮೈಯೆಲ್ಲ ಪರಿಮಳ, ಮನಸ್ಸೆಲ್ಲ ಹೊಟ್ಟೆಕಿಚ್ಚು. ಅವನ ಪಾನಕ ವರ್ಷವೂ ಹುಳಿಯಾಗುತ್ತಿತ್ತು. "ಮಾಳವ್ವನ ಕೈಯಲ್ಲಿ ಏನೂ ಇಲ್ಲ, ಇರೋದೆಲ್ಲ ಆ ಬುರುಡೆಗಳಲ್ಲೇ," ಎಂದು ಅವನು ಲೆಕ್ಕ ಹಾಕಿದ.

ಹಬ್ಬಕ್ಕೆ ಒಂಬತ್ತು ದಿನ ಇತ್ತು. ಮಾಳವ್ವ ಮರಿಗಳನ್ನು ಕರೆದುಕೊಂಡು ಮೊಳಕೆಗಿಟ್ಟಿದ್ದ ರಾಗಿ ತರಲು ಹೋಗಿದ್ದಳು. ಸೊಗಸಪ್ಪ ಮೆಲ್ಲಗೆ ಬಂದ. ಅವಳ ಹನ್ನೆರಡು ಬುರುಡೆಗಳನ್ನೂ ಎತ್ತಿಕೊಂಡ. ಆ ಜಾಗದಲ್ಲಿ ತನ್ನ ಹಳೆಯ ಬುರುಡೆಗಳನ್ನು ಇಟ್ಟ. ಹೊರಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚುವ ಬುರುಡೆಗಳು, ಒಳಗೆ ಮಾತ್ರ ಹೋದ ವರ್ಷದ ಪಾನಕದ ಗಷ್ಟು!

ದಾರಿಯಲ್ಲಿ ಅವನಿಗೆ ಕೆಮ್ಮಣ್ಣಿನ ಗೆರೆ ಕಂಡಿತು. "ಅಯ್ಯಯ್ಯೋ, ಯಾರಾದರೂ ನೋಡಿದರೆ ಸಿಕ್ಕಿಬಿದ್ದೆ!" ಎಂದು ಎಮ್ಮೆಗಳು ಹೊರಳುವ ಹಳ್ಳಕ್ಕೆ ಓಡಿದ. ಬುರುಡೆಗಳನ್ನು ಮುಳುಗಿಸಿ ಮುಳುಗಿಸಿ ತೊಳೆದ. ಒಳಗೆ ಬಾಲ ತೂರಿಸಿ ಒರೆಸಿದ. "ಈಗ ನೋಡು, ಇವು ನನ್ನವು!" ಎಂದು ಹಿಗ್ಗಿದ. ಪಾನಕ ತುಂಬಿ ಬಿರಡೆ ಜಡಿದ.

ಮಾಳವ್ವ ಬಂದು ನೋಡಿದಳು. ಗೆರೆಯಿಲ್ಲ! ಇವು ತನ್ನ ಬುರುಡೆಗಳೇ ಅಲ್ಲ. ಕೂತು ಅತ್ತೇಬಿಟ್ಟಳು.

"ಅಳಬೇಡ ಅಕ್ಕಾ," ಅಂದಳು ಅಳಿಲು. "ಇವೂ ಫಳಫಳ ಅಂತಿವೆ. ಇವುಗಳಲ್ಲೇ ತುಂಬಿಬಿಡು. ಮೂಸಿ ನೋಡಿ ಯಾರು ಕೇಳ್ತಾರೆ?"

ಮಾಳವ್ವ ಕಣ್ಣೊರೆಸಿಕೊಂಡಳು. "ಇವು ಯಾರವೋ ಏನೋ. ಬುಗ್ಗೆ ನೀರು ಕಾಣದ ಬುರುಡೆಗೆ ನಾನು ತುಂಬಲ್ಲ," ಅಂದಳು.

ಮರುದಿನ ಬೆಳಗಾಗುತ್ತಲೇ ಉಜ್ಜಲು ಕೂತಳು. ಹನ್ನೆರಡು ಬುರುಡೆ, ಒಂದು ಸಲಕ್ಕೆ ಎರಡು. ಆರು ಸಲ ಬೆಟ್ಟ ಹತ್ತಿ ಆರು ಸಲ ಇಳಿದಳು. ಕಾಲಲ್ಲಿ ಬೊಬ್ಬೆ ಬಂದವು. ಸಂಜೆಯ ಹೊತ್ತಿಗೆ ಹನ್ನೆರಡಕ್ಕೂ ಗೆರೆ ಬಿತ್ತು, ಪಾನಕವೂ ತುಂಬಿತು.

ಹಬ್ಬದ ಬೆಳಗ್ಗೆ ಎಲ್ಲರೂ ಸೇರಿದರು. ಸೊಗಸಪ್ಪ ಮೀಸೆ ತಿರುವುತ್ತಾ ಮುಂದೆ ಬಂದ. "ದೊಡ್ಡಮ್ಮಾ, ಈ ಸಲ ಗವಿ ನನಗೇ ಬರೆದಿಡಿ!" ಎಂದ. ಅಷ್ಟರಲ್ಲಿ ಬಿಸಿಲು ಏರಿತು. ಅವನ ಬುರುಡೆಯೊಂದು ಗೊರಗೊರ ಅಂದಿತು.

ಢಮಾರ್!

ಒಂದು ಒಡೆಯಿತು. ಹಿಂದೆಯೇ ಇನ್ನೊಂದು. ಆಮೇಲೆ ಎಲ್ಲವೂ! ಹುಳಿ ನೊರೆ ಸೊಗಸಪ್ಪನ ತಲೆಯಿಂದ ಇಳಿಯಿತು. ಕೊಳೆತ ವಾಸನೆಗೆ ಕಾಡುಕೋಣವೂ ಮೂಗು ಮುಚ್ಚಿಕೊಂಡಿತು. ನೊರೆಯ ತುಂಬ ಬೆಕ್ಕಿನ ಬಾಲದ ಕೂದಲು! ಥೂ!

ದೊಡ್ಡಮ್ಮ ಸೊಂಡಿಲಿನಿಂದ ಒಡೆದ ಬುರುಡೆಯ ಒಂದು ಚೂರು ಎತ್ತಿ ಒಳಗೆ ನೋಡಿದಳು. ಸಣ್ಣ ಸಣ್ಣ ಗೀರುಗಳಿದ್ದವು. "ಸೊಗಸಪ್ಪಾ, ಬುರುಡೆಯ ಒಳಗೆ ಮುಳ್ಳಿನಿಂದ ಉಜ್ಜೋರು ಈ ಕಾಡಲ್ಲಿ ಯಾರಪ್ಪ?"

ಸೊಗಸಪ್ಪ ಹೊರಗಿನ ಗೆರೆ ಅಳಿಸಿದ್ದ. ಒಳಗಿನ ಗೀರು ಅವನಿಗೆ ಕಂಡೇ ಇರಲಿಲ್ಲ. "ತಪ್ಪಾಯ್ತು ದೊಡ್ಡಮ್ಮಾ, ನಾನೇ ಕದ್ದೆ," ಎಂದು ನೆಲ ನೋಡಿದ.

ಈಗ ಮಾಳವ್ವನ ಸರದಿ. ಬಿರಡೆ ತೆಗೆದಳು. ಪುಸ್ ಅಂದಿತು, ಅಷ್ಟೇ. ಬೆಳ್ಳಗೆ ನೊರೆ ಎದ್ದು ಬಾಯಿಯವರೆಗೆ ಬಂದು ನಿಂತಿತು. ದೊಡ್ಡಮ್ಮ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಆಮೇಲೆ ಸೊಂಡಿಲೆತ್ತಿ ಘೀಳಿಟ್ಟಳು ನೋಡಿ, ಬೆಟ್ಟವೇ ಮಾರ್ದನಿಗೊಟ್ಟಿತು!

"ಗವಿ ಮಾಳವ್ವನದೇ! ಒಂದು ವರ್ಷಕ್ಕಲ್ಲ, ಅವಳ ಮರಿಗಳ ಕಾಲಕ್ಕೂ ಅವಳದೇ! ಇನ್ನು ಮೇಲೆ ಬುರುಡೆ ಹೊತ್ತು ಬೆಟ್ಟ ಹತ್ತೋನು ಸೊಗಸಪ್ಪ!"

ಎಲ್ಲರೂ ಹೋ ಎಂದು ಕುಣಿದರು. ಮಾಳವ್ವನನ್ನು ಎತ್ತಿ ಮೆರೆಸಬೇಕೆಂದು ಓಡಿಬಂದರು. ಮುಳ್ಳು ನೋಡಿ ಗಕ್ಕನೆ ನಿಂತರು! ಕೊನೆಗೆ ಅವಳ ಎರಡು ಮರಿಗಳನ್ನು ದೊಡ್ಡಮ್ಮನ ಬೆನ್ನಿಗೆ ಏರಿಸಿ, ಕೆಮ್ಮಣ್ಣಿನ ಗೆರೆಯ ಬುರುಡೆಗಳನ್ನು ತಲೆಯ ಮೇಲೆ ಹೊತ್ತು, ಗವಿಯವರೆಗೂ ಮೆರವಣಿಗೆ ಮಾಡಿದರು. ಮಾಳವ್ವ ಬೊಬ್ಬೆ ಬಂದ ಕಾಲಲ್ಲೇ ಎಲ್ಲರಿಗಿಂತ ಮುಂದೆ ನಡೆದಳು.

ನೀತಿ: ಇನ್ನೊಬ್ಬರ ಪಾತ್ರೆಯನ್ನು ಕದಿಯಬಹುದು, ಅದನ್ನು ಶುಚಿ ಮಾಡಿದ ಶ್ರದ್ಧೆಯನ್ನು ಕದಿಯಲಾಗದು.