ಭೀಮಪ್ಪನ ಕೈಪಟ್ಟಿ

ಸೂಜಿ ಹಿಡಿದವರು ಮೊದಲು ರೋಗಿಯ ಕೈಗೆ ಕಟ್ಟಿದ ಪಟ್ಟಿಯಲ್ಲಿರುವ ಹೆಸರನ್ನು ಗಟ್ಟಿಯಾಗಿ ಓದಬೇಕು. ಪಟ್ಟಿ ಇಲ್ಲದಿದ್ದರೆ ರೋಗಿಯನ್ನೇ ಹೆಸರು ಕೇಳಬೇಕು. ಅವನೂ ಹೇಳಲಾರದಿದ್ದರೆ ಸೂಜಿಯನ್ನು ಕೆಳಗಿಡಬೇಕು. ಇದು ನಿಯಮ. ಈ ಕಥೆಯಲ್ಲಿ ಬರುವ ವಿದ್ಯಾರ್ಥಿಗಳೆಲ್ಲರೂ ಇದನ್ನು ಮುರಿದವರೇ. ಕಲಿಸಿದವರೂ ಮುರಿದರು.

ಬಯಲುಸೀಮೆಯ ಒಂದು ಊರಿನಲ್ಲಿ ನರ್ಸಿಂಗ್ ಕಾಲೇಜು ಇತ್ತು. ಅಲ್ಲಿ ಪಾಠ ಮಾಡುತ್ತಿದ್ದ ಫಿಲೋಮಿನಾ ಮೇಡಂ ಮಂಗಳೂರು ಕಡೆಯವರು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ವಿದ್ಯಾರ್ಥಿಗಳು ಪುಸ್ತಕವನ್ನು ಗಡಗಡ ಒಪ್ಪಿಸುತ್ತಿದ್ದರು, ಸಿರಿಂಜ್ ಕೊಟ್ಟರೆ ಕೈ ನಡುಗುತ್ತಿತ್ತು. ಆದ್ದರಿಂದ ಅವರು ಪಾಠವನ್ನೇ ಆಟ ಮಾಡಿದರು. ಲ್ಯಾಬಿನ ಮಂಚದ ಮೇಲೆ ಒಂದು ರಬ್ಬರ್ ಗೊಂಬೆಯನ್ನು ಮಲಗಿಸಿದರು. ಅದರ ಕೈಗೆ ಪಟ್ಟಿ ಕಟ್ಟಿ, ಅದರ ಮೇಲೆ ‘ಭೀಮಪ್ಪ, ೫೮ ವರ್ಷ’ ಎಂದು ಬರೆದರು. ಒಬ್ಬೊಬ್ಬರೇ ಬಂದು ಐದು ನಿಮಿಷದೊಳಗೆ ಭೀಮಪ್ಪನಿಗೆ ಇಂಜೆಕ್ಷನ್ ಕೊಡಬೇಕು. ಬೇಗ ಮುಗಿಸಿದವರಿಗೆ ಹೆಚ್ಚು ಅಂಕ. ಯಾರು ಎಷ್ಟು ನಿಮಿಷದಲ್ಲಿ ಮುಗಿಸಿದರು ಎಂಬುದನ್ನು ಪ್ರತಿ ಶನಿವಾರ ಬೋರ್ಡಿನ ಮೇಲೆ ಬರೆಯುತ್ತಿದ್ದರು.

ಆಟ ಚೆನ್ನಾಗಿಯೇ ನಡೆಯಿತು. ಕೈ ನಡುಗುವುದು ನಿಂತಿತು. ಮೊದಲ ವಾರ ಎಲ್ಲರೂ ಬಗ್ಗಿ, ಪಟ್ಟಿ ಹಿಡಿದು, ಹೆಸರು ಓದಿದರು.

ಎರಡನೇ ವಾರ ವೃಷಭೇಂದ್ರ ಎಂಬ ಹುಡುಗ ಬಾಗಿಲಲ್ಲಿ ನಿಂತೇ “ಭೀಮಪ್ಪ, ಐವತ್ತೆಂಟು!” ಎಂದು ಕೂಗಿ ಓಡಿಬಂದ. ಎರಡೂವರೆ ನಿಮಿಷದಲ್ಲಿ ಮುಗಿಸಿದ.

“ಪಟ್ಟಿ ನೋಡಿದೆಯಾ?” ಎಂದು ಮೇಡಂ ಕೇಳಿದರು.

“ಆ ಮಂಚದ ಮ್ಯಾಲೆ ಭೀಮಪ್ಪನ್ನ ಬಿಟ್ಟು ಮತ್ಯಾರು ಮಲಗ್ತಾರ್ರೀ ಮೇಡಂ? ಅವನಿಗೇನು ಮನಿ ಐತೇನು ಹೋಗಾಕ?”

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು, ಅಂಕ ಕೊಟ್ಟರು. ನಿಯಮ ಸತ್ತದ್ದು ಆ ನಗೆಯಲ್ಲಿ. ಮೂರನೇ ವಾರ ತರಗತಿಯ ಇಪ್ಪತ್ತನಾಲ್ಕು ಮಂದಿಯೂ ಬಾಗಿಲಿನಿಂದಲೇ ಕೂಗುತ್ತಿದ್ದರು. ಸ್ಪಿರಿಟ್ ತಾಗಿ ತಾಗಿ ಪಟ್ಟಿಯ ಅಕ್ಷರ ಅಳಿಸಿತು. ಒಂದು ದಿನ ಪಟ್ಟಿಯೇ ಹರಿದು ಬಿತ್ತು. ಕಸ ಗುಡಿಸುವವರು ಅದನ್ನು ಗುಡಿಸಿಕೊಂಡು ಹೋದರು. ಯಾರೂ ಗಮನಿಸಲಿಲ್ಲ, ಏಕೆಂದರೆ ಯಾರೂ ಆ ಕಡೆ ನೋಡುತ್ತಲೇ ಇರಲಿಲ್ಲ.

ಆ ಇಪ್ಪತ್ತನಾಲ್ವರಲ್ಲಿ ನೀಲವ್ವ ಒಬ್ಬಳು. ಕೂಗುವುದರಲ್ಲಿ ಅವಳೂ ಹಿಂದೆ ಬಿದ್ದವಳಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ಮೇಡಂ ಎಲ್ಲರನ್ನೂ ಆಸ್ಪತ್ರೆಯ ವಾರ್ಡಿಗೆ ಕರೆದೊಯ್ದರು. ಅಲ್ಲಿನ ಸಿಸ್ಟರ್ ನೀಲವ್ವನ ಕೈಗೆ ಒಂದು ಮಾತ್ರೆ ಕೊಟ್ಟು, “ಆರನೇ ಬೆಡ್ಡಿನ ಅಜ್ಜನಿಗೆ ಕೊಟ್ಟು ಬಾ” ಎಂದರು. ನೀಲವ್ವ ನಾಲ್ಕು ಹೆಜ್ಜೆ ದೂರದಿಂದಲೇ “ಭೀಮಪ್ಪ, ಐವತ್ತೆಂಟು!” ಎಂದಳು. ಅವಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ತಾನಾಗಿ ಹೇಳಿತು.

ಮಂಚದ ಮೇಲಿದ್ದ ಮುದುಕ ಮೆಲ್ಲಗೆ ಕೈ ಎತ್ತಿ ತನ್ನ ಪಟ್ಟಿ ತೋರಿಸಿದ. “ನಾ ಭೀಮಪ್ಪ ಅಲ್ಲವ್ವಾ ತಂಗಿ, ದೊಡ್ಡಬಸಪ್ಪ. ಇಲ್ಲಿ ಬರದಾರ ನೋಡು. ಯಾರವ್ವ ಆ ಭೀಮಪ್ಪ?”

ಗೊಂಬೆ ಎಂದು ಹೇಗೆ ಹೇಳುವುದು? ನೀಲವ್ವ ಪಟ್ಟಿ ಓದಿದಳು, ಹೆಸರು ಕೇಳಿದಳು, ಮಾತ್ರೆ ಕೊಟ್ಟಳು. ಮಾತ್ರೆ ಸರಿಯಾದದ್ದೇ ಆಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ದಿನ ಅವಳಿಗೆ ಊಟ ಸೇರಲಿಲ್ಲ.

ಪರೀಕ್ಷೆಯ ದಿನ ಬೇರೆ ಕಾಲೇಜಿನಿಂದ ಪರೀಕ್ಷಕರು ಬಂದರು. ಅದೇ ಗೊಂಬೆ, ಅದೇ ಐದು ನಿಮಿಷ. ಪಾಸಾದವರು ವಾರ್ಡಿನ ಡ್ಯೂಟಿಗೆ ಸೇರಬಹುದು, ಫೇಲಾದವರು ಆರು ತಿಂಗಳು ಕಿರಿಯರ ಜೊತೆ ಕೂರಬೇಕು. ನೀಲವ್ವ ಈಗಾಗಲೇ ಒಮ್ಮೆ ಹಾಗೆ ಕೂತವಳು. ಇನ್ನೊಮ್ಮೆ ಫೇಲಾದರೆ ಹಾಸ್ಟೆಲಿನ ಕೋಣೆ ಬಿಡಬೇಕಿತ್ತು.

ಇಪ್ಪತ್ತಮೂರು ಮಂದಿ ಬಂದರು, ಕೂಗಿದರು, ಚುಚ್ಚಿದರು, ಪಾಸಾಗಿ ಗೋಡೆಯ ಬಳಿ ನಿಂತರು. ಕೊನೆಯವಳು ನೀಲವ್ವ.

ಅವಳು ಕೂಗಲಿಲ್ಲ. ಮಂಚದ ಹತ್ತಿರ ಬಂದು ಗೊಂಬೆಯ ಬಲಗೈ ಎತ್ತಿ ನೋಡಿದಳು. ಪಟ್ಟಿ ಇಲ್ಲ. ಎಡಗೈ ನೋಡಿದಳು. ಅಲ್ಲೂ ಇಲ್ಲ.

“ಲೇ ನೀಲಿ, ಭೀಮಪ್ಪ ಅನ್ನಲೇ, ಮುಗೀತೈತಿ,” ಎಂದು ಗೋಡೆಯ ಬಳಿಯಿಂದ ಗೆಳತಿ ಪಿಸುಗುಟ್ಟಿದಳು.

“ಟೈಮ್ ಓಡ್ತಾ ಇದೆಯಮ್ಮ,” ಎಂದರು ಪರೀಕ್ಷಕರು.

ಮೇಡಂ ಸಂಕಟದಿಂದ, “ನೀಲವ್ವಾ, ಅದು ಯಾರು ಅಂತ ನಿನಗೆ ಗೊತ್ತುಂಟಲ್ಲ?” ಎಂದರು.

“ಗೊತ್ತೈತ್ರಿ ಮೇಡಂ. ವಾರ್ಡಿನಾಗೂ ನಂಗ ಗೊತ್ತಿತ್ತು. ಆದ್ರ ಅಲ್ಲಿದ್ದವರು ಬ್ಯಾರೆಯವರೇ ಇದ್ರು.”

ವೃಷಭೇಂದ್ರನಿಗೆ ನಗು ತಡೆಯಲಾಗಲಿಲ್ಲ. “ಗೊಂಬಿ ಸತ್ತೀತು ಗಿತ್ತೀತು, ಲಗೂನ ಚುಚ್ಚವ್ವಾ!”

ಪರೀಕ್ಷಕರು ಗಡಿಯಾರ ಎತ್ತಿ ತೋರಿಸಿದರು. “ಒಂದೇ ನಿಮಿಷ ಉಳಿದಿದೆ. ಇಂಜೆಕ್ಷನ್ ಕೊಡದಿದ್ದರೆ ಸೊನ್ನೆ. ತಿಳಿಯಿತಾ?”

“ತಿಳೀತ್ರಿ ಸರ್.”

ನೀಲವ್ವ ಗೊಂಬೆಯ ಮುಖದ ಹತ್ತಿರ ಬಗ್ಗಿದಳು. ಹಿರಿಯರನ್ನು ಮಾತನಾಡಿಸುವ ಹಾಗೆ ಕೇಳಿದಳು: “ಅಜ್ಜಾರ, ನಿಮ್ಮ ಹೆಸರೇನ್ರಿ?”

ಗೊಂಬೆ ಹೇಳಲಿಲ್ಲ. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೋ ಅಷ್ಟು ಹೊತ್ತು ಅವಳು ಕಾದಳು. ಆಮೇಲೆ ಸೂಜಿಯನ್ನು ಟ್ರೇಯಲ್ಲಿ ಕೆಳಗಿಟ್ಟಳು.

ನೀತಿ: ಆಟದಲ್ಲಿ ಕಲಿತದ್ದನ್ನು ಕೈ ಮರೆಯುವುದಿಲ್ಲ, ತಪ್ಪನ್ನು ಕಲಿತಿದ್ದರೆ ತಪ್ಪನ್ನೂ ಮರೆಯುವುದಿಲ್ಲ. ಕಲಿಸುವವರು ಯಾವುದಕ್ಕೆ ಅಂಕ ಕೊಡುತ್ತಾರೋ ಕಲಿಯುವವರು ಅದನ್ನೇ ಕಲಿಯುತ್ತಾರೆ. ಗೊಂಬೆಯ ಮುಂದೆ ಬಿಟ್ಟ ನಿಯಮ ಮನುಷ್ಯನ ಮುಂದೆ ನೆನಪಾಗುವುದಿಲ್ಲ.