ಬೂದ ಮುಚ್ಚಿದ ಓಣಿ

ಕಡಲ ತೀರಕ್ಕೆ ಹೋದಾಗ ಮರಳ ಮೇಲೆ ಸಣ್ಣ ಸಣ್ಣ ಉಂಡೆಗಳ ಚಿತ್ತಾರ ಕಂಡೀತು, ಮಕ್ಕಳೇ. ತುಳಿಯಬೇಡಿ. ಅದು ಮರಳೇಡಿಯ ಕೆಲಸ. ಈ ಕತೆಯೂ ಅದರದ್ದೇ.

ಒಂದು ತೀರ. ಅಲ್ಲಿ ಕಡಲೆಕಾಳಿನಷ್ಟು ಪುಟ್ಟ ಏಡಿಗಳಿದ್ದವು. ನೀರು ಇಳಿದ ಕೂಡಲೇ ಬಿಲದಿಂದ ಹೊರಗೆ ಬರುತ್ತಿದ್ದವು. ಹಸಿ ಮರಳನ್ನು ಬಾಯಿಗೆ ಹಾಕಿ, ತಿನ್ನುವಂಥದ್ದನ್ನು ತಿಂದು, ಉಳಿದದ್ದನ್ನು ಉಂಡೆ ಕಟ್ಟಿ ಇಡುತ್ತಿದ್ದವು. ಬಿಲದ ಸುತ್ತ ಉಂಡೆಗಳ ಸಾಲು. ಸಾಲಿನ ಪಕ್ಕ ಸಾಲು. ನೋಡನೋಡುತ್ತ ಒಂದು ಹೂವು.

ಮರಳು ಹೆಚ್ಚು ಹಸಿಯಾದರೆ ಉಂಡೆ ಕುಸಿಯುತ್ತದೆ. ಒಣಗಿದರೆ ಪುಡಿಯಾಗುತ್ತದೆ. ಹದ ತಿಳಿಯಲು ಕಾಲ ಬೇಕು.

ಆ ತೀರದಲ್ಲಿ ಒಂದು ಕಟ್ಟಳೆ ಇತ್ತು. ಹೂವು ಎಷ್ಟೇ ದೊಡ್ಡದಿರಲಿ, ಅಂಚಿನಿಂದ ಬಿಲದ ಬಾಯಿಯವರೆಗೆ ಒಂದು ನೇರ ಓಣಿ ಬಿಡಬೇಕು. ಅದರಲ್ಲಿ ಒಂದು ಉಂಡೆಯೂ ಇರಕೂಡದು. ಹಕ್ಕಿ ಬಂದರೆ ಓಡುವ ದಾರಿ ಅದು. ಕಟ್ಟಿದವರೂ ಓಡಬಹುದು, ನೋಡಲು ಬಂದವರೂ ಓಡಬಹುದು.

ಅಮಾವಾಸ್ಯೆಯಂದು ಕಡಲು ಬಹಳ ದೂರ ಸರಿಯುತ್ತದೆ. ಅಂದು ಏಡಿಗಳಿಗೆ ಹೂವಿನ ಹಬ್ಬ. ಎಲ್ಲರೂ ಎಲ್ಲರ ಕೆಲಸ ನೋಡಿ ಬರುತ್ತಿದ್ದರು. ಮೆಚ್ಚಿದ ಹೂವಿನ ಮುಂದೆ ನಿಂತು, ಇಕ್ಕಳದಂಥ ತಮ್ಮ ಮುಂಗಾಲನ್ನು ಎತ್ತುತ್ತಿದ್ದರು. ಸಂಜೆಗೆ ನೀರು ಏರಿ ಎಲ್ಲವನ್ನೂ ಅಳಿಸುತ್ತಿತ್ತು. ಅದಕ್ಕೆ ಯಾರೂ ಅಳುತ್ತಿರಲಿಲ್ಲ.

ಬೂದ ಎಂಬ ಎಳೆಯ ಏಡಿ ಇದ್ದ. ಉಂಡೆ ಕಟ್ಟುವುದರಲ್ಲಿ ಜಾಣ. ಅದು ಅವನಿಗೆ ಗೊತ್ತಿತ್ತು. ತೊಂದರೆ ಅದೇ.

ಅವನಿಗೆ ಹದ ಕಲಿಸಿದವಳು ನೆರೆಯ ದುಗ್ಗಕ್ಕ. ವಯಸ್ಸಾದವಳು. ಪ್ರತಿ ಅಮಾವಾಸ್ಯೆಯೂ ಮುಂಗಾಲು ಏಳುತ್ತಿದ್ದುದು ದುಗ್ಗಕ್ಕನ ಹೂವಿಗೇ.

ಒಂದು ಅಮಾವಾಸ್ಯೆಯಂದು ಬೂದನ ಹೂವು ಮುಗಿಯುತ್ತ ಬಂದಿತ್ತು. ಮಗುಚಿ ಹಾಕಿದ ದೋಣಿಯ ಮೇಲೆ ಕಾಗೆ ಬಂದು ಕೂತಿತು.

"ಏನು ಬೂದ, ಈ ಸಲವೂ ದುಗ್ಗಕ್ಕನದ್ದೇ ಏನೋ?"

"ಯಾಕೆ ಕಾಗಣ್ಣ, ನನ್ನದು ಕಾಣುವುದಿಲ್ಲವೇ?" ಬೂದ ಬಿಲದ ಬಾಯಲ್ಲೇ ನಿಂತು ಕೇಳಿದ. ಅಲ್ಲಿದ್ದರೆ ಕಾಗೆಗೆ ಸಿಗುವುದಿಲ್ಲ. ಕಾಗೆಗೂ ಅದು ಗೊತ್ತು.

"ಕಾಣುತ್ತದೆ ಮಾರಾಯ. ಮೇಲಿಂದ ನೋಡುವವನು ಇಲ್ಲಿ ನಾನೊಬ್ಬನೇ. ನಿನ್ನ ಉಂಡೆ ಅವಳದ್ದಕ್ಕಿಂತ ದುಂಡಗಿದೆ. ಆದರೆ..."

"ಆದರೆ ಏನು?"

"ಬೇಡ ಬಿಡು. ಬೇಜಾರು ಮಾಡಿಕೊಳ್ಳುತ್ತೀಯ."

"ಹೇಳಿ."

"ಆ ಬೋಳು ಗೆರೆ. ಯಾರೋ ಒಂದು ಎಸಳು ಕಿತ್ತು ತಿಂದ ಹಾಗಿದೆ."

"ಅದು ಓಣಿ. ಎಲ್ಲರೂ ಬಿಡುತ್ತಾರೆ."

"ಎಲ್ಲರೂ ಬಿಡುತ್ತಾರೆ. ಅದಕ್ಕೇ ಎಲ್ಲರದ್ದೂ ಒಂದೇ ಥರ."

ಬೂದ ಓಣಿಯ ಕಡೆ ನೋಡಿದ. ಆಮೇಲೆ ಕೇಳಿದ, "ನೀವು ಹಿಡಿದರೆ?"

ಕಾಗೆ ನಕ್ಕಿತು. "ಬಲೆಯವರು ಬಿಸಾಡಿದ ಮೀನು ತಿಂದು ಹೊಟ್ಟೆ ಬಿರಿಯುತ್ತಿದೆ. ನಿನ್ನಂಥ ಕಡಲೆಕಾಳು ಯಾರಿಗೆ ಬೇಕು?"

ಬೂದ ಓಣಿಯಲ್ಲಿ ಮೊದಲ ಉಂಡೆ ಇಟ್ಟ. ದೋಣಿಯ ಕಡೆ ನೋಡಿದ. ಕಾಗೆ ರೆಕ್ಕೆ ಕೆರೆದುಕೊಳ್ಳುತ್ತಿತ್ತು. ಇನ್ನೊಂದು ಇಟ್ಟ. ಹಿಂದೆ ಸರಿಯುತ್ತ, ಇಡುತ್ತ, ಅಂಚಿಗೆ ಬಂದ. ಕೊನೆಯ ಉಂಡೆ ಕೂತಿತು. ಓಣಿ ಮಾಯವಾಯಿತು. ಹೂವು ತುಂಬಿತು.

ಅವನು ಹೊರಗೆ. ಬಿಲ ಒಳಗೆ. ನಡುವೆ ಹೂವು.

ಕಾಗೆ ಕದಲಲಿಲ್ಲ. ಒಂದು ಏಡಿಗಿಂತ ಎರಡು ವಾಸಿ. ನೋಡುವವರು ಬರುವ ಹೊತ್ತಾಗಿತ್ತು.

ಮೊದಲು ಬಂದವಳು ದುಗ್ಗಕ್ಕ. ಹೂವಿನ ಸುತ್ತ ನಿಧಾನ ನಡೆದಳು.

"ಎಷ್ಟು ಚಂದ ಕಟ್ಟಿದ್ದೀಯೋ! ನಾನೂ ಹೀಗೆ ಕಟ್ಟಿಲ್ಲ." ಅವಳ ಮುಂಗಾಲು ಮೇಲೇಳುತ್ತಿತ್ತು. ಕಾಲು ಅರ್ಧಕ್ಕೇ ನಿಂತಿತು.

"ಓಣಿ ಎಲ್ಲಿ?"

"ಮುಚ್ಚಿದೆ."

"ಏನು?"

"ಇದೊಂದು ಸಲ, ದುಗ್ಗಕ್ಕ. ಕಾಗಣ್ಣನ ಹೊಟ್ಟೆ ತುಂಬಿದೆಯಂತೆ."

ದುಗ್ಗಕ್ಕ ದೋಣಿಯ ಕಡೆ ತಿರುಗಿದಳು. ದೋಣಿಯ ಮೇಲೆ ಕಾಗೆ ಇರಲಿಲ್ಲ.

ಮರಳ ಮೇಲೆ ಒಂದು ನೆರಳು ಬರುತ್ತಿತ್ತು.

"ಓಡು!"

ಸುತ್ತಲಿನ ಏಡಿಗಳು ತಮ್ಮ ತಮ್ಮ ಓಣಿ ಹಿಡಿದು ಬಿಲ ಸೇರಿದವು. ದುಗ್ಗಕ್ಕನ ಬಿಲ ನೆರಳಿನ ಆಚೆ. ಹತ್ತಿರ ಇದ್ದದ್ದು ಬೂದನ ಬಿಲ ಒಂದೇ. ಬೂದ ಅಂಚಿಗೆ ಓಡಿದ. ಕಾಲು ಎತ್ತಿದ. ಇಡಲಾಗಲಿಲ್ಲ. ಬೆಳಗಿನಿಂದ ಕಟ್ಟಿದ ಸಾಲು ಕಾಲಡಿಯಲ್ಲೇ ಇತ್ತು.

"ತುಳಿಯೋ!"

"ಹೂವು..."

ದುಗ್ಗಕ್ಕ ಅವನನ್ನು ತಳ್ಳಿಕೊಂಡೇ ನುಗ್ಗಿದಳು. ಸಾಲು ಒಡೆಯಿತು. ಉಂಡೆಗಳು ಉರುಳಿದವು. ಉರುಳಿ ಬಿಲದ ಬಾಯಿಗೇ ಸಿಕ್ಕಿಕೊಂಡವು. ದುಗ್ಗಕ್ಕ ಬಲ ಮುಂಗಾಲಿನಿಂದ ಕೆದಕಿದಳು. ರೆಕ್ಕೆಯ ಗಾಳಿ ಬೆನ್ನಿಗೆ ಬಡಿಯಿತು. ಬಿಲದ ಬಾಯಿ ಬಿಟ್ಟುಕೊಂಡಿತು.

"ಇಳಿ ಒಳಗೆ!"

ಬೂದ ಬಿದ್ದ. ಮೇಲೆ ಟಕ್ ಎಂದು ಸದ್ದಾಯಿತು.

ಕತ್ತಲೆ.

"ದುಗ್ಗಕ್ಕ?"

ಮೇಲಿಂದ ಮರಳಷ್ಟೇ ಉದುರಿತು.

"ದುಗ್ಗಕ್ಕ!"

ಏನೋ ಅವನ ಮೇಲೆ ಜಾರಿ ಬಿತ್ತು. "ಕೂಗಬೇಡ. ಸರಿದು ಕೂರು, ಜಾಗ ಬಿಡು."

ದುಗ್ಗಕ್ಕ ಬಂದಿದ್ದಳು. ಅವಳ ಬಲ ಮುಂಗಾಲು ಬಂದಿರಲಿಲ್ಲ. ಅದು ಕಾಗೆಯ ಕೊಕ್ಕಿನಲ್ಲಿತ್ತು.

ಬೂದ ಸರಿದು ಜಾಗ ಬಿಟ್ಟ. ಕೊನೆಗೆ ಕೇಳಿದ, "ಕಾಲು ಮತ್ತೆ ಬರುತ್ತದಾ?"

"ಚಿಪ್ಪು ಕಳಚಿದಾಗ ಬಂದೀತು. ಅಲ್ಲಿಯವರೆಗೆ ಇರುವ ಒಂದು ಮುಂಗಾಲು ಹೊಟ್ಟೆಗೆ ಸಾಕು. ಹೂವಿಗೆ ಸಾಲದು."

ಮೇಲೆ ನೀರು ಏರಿತು. ಕಾಗೆ ಹೋಯಿತು. ಹೂವೂ ಹೋಯಿತು.

ಮುಂದಿನ ಅಮಾವಾಸ್ಯೆ ಬೂದ ತನ್ನ ಬಿಲದ ಬಳಿ ಏನೂ ಕಟ್ಟಲಿಲ್ಲ. ದುಗ್ಗಕ್ಕನ ಬಿಲಕ್ಕೆ ಹೋದ.

"ನೀವು ಹೇಳಿ. ನಾನು ಕಟ್ಟುತ್ತೇನೆ."

"ನಿನ್ನ ಹೂವು?"

"ಇದೇ."

ದುಗ್ಗಕ್ಕ ಹೇಳಿದಳು. ಬೈದಳು ಕೂಡ. "ಆ ಸಾಲು ಸೊಟ್ಟ. ತೆಗೆ." ಬೂದ ತೆಗೆದ, ಮತ್ತೆ ಕಟ್ಟಿದ.

ಕಾಗೆ ದೋಣಿಯ ಮೇಲೆ ಬಂದು ಕೂತಿತು. "ಚಂದ, ಚಂದ. ಆದರೆ ಆ ಬೋಳು ಗೆರೆ ಇನ್ನೂ ಇದೆಯಲ್ಲ ಬೂದ?"

"ಇದೆ ಕಾಗಣ್ಣ," ಎಂದ ಬೂದ ಓಣಿಯಲ್ಲೇ ನಿಂತು. "ಈ ಸಲ ಮೊದಲು ಎಳೆದದ್ದೇ ಅದನ್ನು. ಉಂಡೆ ಆಮೇಲೆ."

ಕಾಗೆ ಸ್ವಲ್ಪ ಹೊತ್ತು ಕೂತು, ಹಾರಿಹೋಯಿತು.

ಏಡಿಗಳು ಬಂದವು. ಹೂವಿನ ಸುತ್ತ ನಡೆದವು. ಒಂದೊಂದಾಗಿ ಮುಂಗಾಲು ಎತ್ತಿದವು. ಎಲ್ಲರ ಹಿಂದೆ ದುಗ್ಗಕ್ಕ ನಿಂತಿದ್ದಳು. ಉಳಿದಿದ್ದ ಒಂದನ್ನು ಅವಳೂ ಎತ್ತಿದಳು.

ನೀತಿ: ಮೆಚ್ಚುಗೆಯ ಆಸೆಗೆ ಕೆಲಸದ ಕಟ್ಟಳೆ ಮುರಿಯಬಾರದು, ಅದರ ಬೆಲೆಯನ್ನು ಪಕ್ಕದವರು ತೆರಬೇಕಾಗುತ್ತದೆ.